ಡಿಸ್ಟೆಂಟ್ ಗ್ರೀನ್, ಸಾರ್!

ಆಕಾಶದಲ್ಲಿ ಪೈಲಟ್, ಹಳಿಯ ಮೇಲೆ ಲೋಕೋ ಪೈಲಟ್. ಇಬ್ಬರೂ ಕಣ್ಣೆದುರಿಗೆ ಕಾಣುವುದನ್ನೇ ಬಾಯಿಬಿಟ್ಟು ಹೇಳುತ್ತಾರೆ. ಕೇಳಿಸಿಕೊಳ್ಳುವವರು ಪಕ್ಕದಲ್ಲಿದ್ದರೂ ಸರಿ, ಇಲ್ಲದಿದ್ದರೂ ಸರಿ. ಕಡೂರು, ಅಜ್ಜಂಪುರ, ತರೀಕೆರೆಯ ಹಳಿಗುಂಟ ಈ ಗಟ್ಟಿ ಮಾತಿನ ಜಾಡು ಹಿಡಿದು ಹೊರಟರೆ ದಾರಿ ಜಕ್ಕೂರು, ಬಜ್ಪೆ, ಜಪಾನಿನವರೆಗೂ ಹೋಗುತ್ತದೆ.

ಮೇ ತಿಂಗಳ ಕೊನೆಯ ಒಂದು ಸಂಜೆ. ಕಡೂರು ಸ್ಟೇಷನ್ನಿನ ಪ್ಲಾಟ್‌ಫಾರ್ಮು ಬೀರೂರಿನ ಕಡೆ ಮುಗಿಯುವ ಜಾಗ. ಮಳೆ ಇನ್ನೂ ಬಿದ್ದಿಲ್ಲ, ಗಾಳಿ ಎದ್ದಿದೆ. ತೆಂಗಿನ ಗರಿಗಳೆಲ್ಲ ಒಂದೇ ಕಡೆಗೆ ತಲೆ ಬಾಚಿಕೊಂಡಿವೆ. ಕಡಲೆಕಾಯಿ ಸಿಪ್ಪೆ, ಟೀ ಕುಡಿದು ಬಿಸಾಡಿದ ಲೋಟ, ಯಾರದೋ ಹಳೇ ಟಿಕೆಟ್ಟು ಹಳಿಯ ನಡುವೆ ಗಿರಕಿ ಹೊಡೆಯುತ್ತಿವೆ.

ಹುಬ್ಬಳ್ಳಿ ಕಡೆಯ ಗಾಡಿ ಬಂದು ನಿಂತಿತು. ಎಂಜಿನ್ನಿನ ಕಿಟಕಿ ನನ್ನ ತಲೆಯಿಂದ ಒಂದು ಮಾರು ಮೇಲೆ. ಒಳಗಿಂದ ಒಂದು ದನಿ ಬಂತು: "ಸ್ಟಾರ್ಟರ್ ಗ್ರೀನ್." ಅದರ ಬೆನ್ನಿಗೇ ಇನ್ನೊಂದು ದನಿ: "ಸ್ಟಾರ್ಟರ್ ಗ್ರೀನ್." ಹರಟೆಯ ದನಿಯಲ್ಲ, ಫೋನಿನ ಮಾತೂ ಅಲ್ಲ. ಹಿಂದೆ, ಕೊನೆಯ ಬೋಗಿಯ ಹತ್ತಿರ ಹಸಿರು ದೀಪ ಅಲ್ಲಾಡಿತು. "ಆಲ್ ರೈಟ್." "ಆಲ್ ರೈಟ್." ಹಾರ್ನ್ ಆಯಿತು, ಗಾಡಿ ಹೊರಟಿತು.

ಪಕ್ಕದಲ್ಲಿ ಅಪ್ಪನ ಕೈ ಹಿಡಿದು ನಿಂತಿದ್ದ ಹುಡುಗ ಕೇಳಿದ: "ಅಪ್ಪಾ, ಲೈಟು ಅವ್ರಿಗೇ ಕಾಣ್ತಿದೆಯಲ್ಲ. ಮತ್ಯಾಕೆ ಹೇಳ್ಕೊತಾರೆ?"

"ಅದು ಅವ್ರ ಡ್ಯೂಟಿ ಕಣೋ."

ಉತ್ತರ ತಪ್ಪೇನಲ್ಲ. ಹುಡುಗನಿಗೂ ಸಾಲಲಿಲ್ಲ, ನನಗೂ ಸಾಲಲಿಲ್ಲ.

ಇದೇ ಪ್ರಶ್ನೆಯನ್ನು ಜನ ವಿಮಾನದ ಪೈಲಟ್‌ಗಳ ಬಗ್ಗೆಯೂ ಕೇಳುತ್ತಾರೆ. ಕಾಕ್‌ಪಿಟ್ಟಿನ ವಿಡಿಯೊ ನೋಡಿ. ಕೈ ಒಂದು ಕೆಲಸ ಮಾಡುತ್ತಿರುತ್ತದೆ, ಬಾಯಿ ಅದರ ವೀಕ್ಷಕ ವಿವರಣೆ ಕೊಡುತ್ತಿರುತ್ತದೆ. "ಗೇರ್ ಡೌನ್." "ತ್ರೀ ಗ್ರೀನ್." ಮೂರು ಚಕ್ರಗಳೂ ಇಳಿದು ಬಿಗಿಯಾಗಿ ಕೂತಿವೆ ಎನ್ನುವುದಕ್ಕೆ ಮೂರು ಹಸಿರು ದೀಪ. ಕಡೂರಿನ ಎಂಜಿನ್ನಿನಲ್ಲೂ ಹಸಿರು, ಮೋಡದ ಮೇಲೂ ಹಸಿರು. ಎರಡು ಕಡೆಯೂ ಅದನ್ನು ಕಂಡವನು ಬಾಯಿ ಮುಚ್ಚಿಕೊಂಡು ಕೂರುವಂತಿಲ್ಲ.

ಮುಂದೆ ಮಲಗಿದ ಆನೆ

ನಮ್ಮ ದೊಡ್ಡಪ್ಪ ರೈಲ್ವೆಗೆ ಫೈರ್‌ಮನ್ ಆಗಿ ಸೇರಿ ಡ್ರೈವರ್ ಆಗಿ ನಿವೃತ್ತರಾದವರು. ಮನೆ ಬೀರೂರಿನಲ್ಲೇ. ವಯಸ್ಸು ಎಂಬತ್ತು ದಾಟಿದೆ. "ಲೋಕೋ ಪೈಲಟ್" ಎನ್ನುವ ಈಗಿನ ಹೆಸರು ಅವರಿಗೆ ಹಿಡಿಸುವುದಿಲ್ಲ. "ಡ್ರೈವರ್ ಅಂದ್ರೆ ಏನು ಕಡಿಮೆ?" ಎನ್ನುತ್ತಾರೆ. ರಾತ್ರಿ ಮಲಗುವ ಮೊದಲು ಅವರದೊಂದು ಸುತ್ತು ಇದೆ. ಅಡುಗೆಮನೆ ಬಾಗಿಲಲ್ಲಿ ನಿಂತು ಬೆರಳು ತೋರಿಸಿ, "ಗ್ಯಾಸ್ ಬಂದ್." ಹಿತ್ತಿಲಲ್ಲಿ, "ಮೋಟ್ರು ಆಫ್." ಮುಂಬಾಗಿಲಲ್ಲಿ, "ಚಿಲಕ ಹಾಕಿದೆ." ಮಂಚದ ಮೇಲಿಂದ ದೊಡ್ಡಮ್ಮ, "ಇವರ ಸಿಗ್ನಲ್ಲು ಇನ್ನೂ ಮುಗಿದಿಲ್ಲ" ಎಂದು ಗೋಡೆ ಕಡೆ ತಿರುಗಿಕೊಳ್ಳುತ್ತಾರೆ.

ಹುಡುಗನ ಪ್ರಶ್ನೆಯನ್ನು ಅವರ ಮುಂದಿಟ್ಟೆ.

"ಸ್ಟೀಮ್ ಎಂಜಿನ್ ನೋಡಿದ್ದೀಯಾ? ಬಾಯ್ಲರ್ ಅಂದ್ರೆ ಮುಂದೆ ಮಲಗಿರೋ ಆನೆ. ಒಂದು ಕಿಟಕೀಲಿ ಡ್ರೈವರು, ಇನ್ನೊಂದು ಕಿಟಕೀಲಿ ನಾನು. ಹಳಿ ಆ ಕಡೆ ತಿರುಗಿದ್ರೆ ಸಿಗ್ನಲ್ ನಂಗೆ ಮಾತ್ರ ಕಾಣ್ತದೆ, ಈ ಕಡೆ ತಿರುಗಿದ್ರೆ ಅವರಿಗೆ ಮಾತ್ರ. ಕೂಗದೆ ಇದ್ರೆ ಹೆಂಗಪ್ಪಾ?"

ಬೆಂಕಿಯ ಬುಸುಗುಟ್ಟುವಿಕೆ, ಹಬೆಯ ಆರ್ಭಟ, ಸಲಿಕೆಯ ಸದ್ದು. ಅದನ್ನೆಲ್ಲ ಮೀರಿ ಕೇಳಬೇಕಾದರೆ ಮಾತು ಚಿಕ್ಕದಿರಬೇಕು, ದನಿ ದೊಡ್ಡದಿರಬೇಕು. ಡೀಸೆಲ್ ಎಂಜಿನ್ ಬಂದ ಮೇಲೂ ಈ ಕಷ್ಟ ತಕ್ಷಣ ತಪ್ಪಲಿಲ್ಲ. ಮೀಟರ್ ಗೇಜಿನ ವೈಡಿಎಂ-4 ಎಂಜಿನ್ನಿಗೆ ಒಂದು ಕಡೆ ಉದ್ದ ಮೂತಿ. ಅದು ಮುಂದಾಗಿ ಓಡುವ ದಿನ ಮತ್ತದೇ ಆನೆ.

ನಮ್ಮ ಹಳಿಗೆ ವಯಸ್ಸಾಗಿದೆ. ಬೆಂಗಳೂರಿನಿಂದ ಗುಬ್ಬಿಗೆ 1884ರಲ್ಲಿ ಬಂದ ರೈಲು 1889ರ ಹೊತ್ತಿಗೆ ಹರಿಹರ ಮುಟ್ಟಿತ್ತು. ಜಿಲ್ಲೆಗೆ ಆಗ ಕಡೂರಿನದೇ ಹೆಸರು. ಬೀರೂರಿನಿಂದ ತರೀಕೆರೆ, ಭದ್ರಾವತಿ ದಾಟಿ ಶಿವಮೊಗ್ಗಕ್ಕೆ ಕವಲು ಬಂದದ್ದು 1899ರಲ್ಲಿ. ಅಲ್ಲಿಗೆ ಬೀರೂರು ಜಂಕ್ಷನ್ ಆಯಿತು. ನೇರ ಹೋದರೆ ಅಜ್ಜಂಪುರ, ಶಿವನಿ, ಚಿಕ್ಕಜಾಜೂರು, ದಾವಣಗೆರೆ. ಎಡಕ್ಕೆ ಹೊರಳಿದರೆ ತರೀಕೆರೆಯ ಅಡಿಕೆ ತೋಟ. ಬಯಲುಸೀಮೆಯ ಗಾಡಿ ಒಂದು, ಮಲೆನಾಡಿನ ಗಾಡಿ ಒಂದು. ಹಾಗಾಗಿ ಇಲ್ಲಿ ಬಣ್ಣ ನೋಡಿದರಷ್ಟೇ ಸಾಲದು, ಯಾವ ಲೈನಿಗೆ ಬಿಟ್ಟಿದ್ದಾರೆ ಎಂಬುದನ್ನೂ ನೋಡಿ ಹೇಳಬೇಕು. ಇಲ್ಲದಿದ್ದರೆ ಶಿವಮೊಗ್ಗದ ಮದುವೆ ದಿಬ್ಬಣ ಅಜ್ಜಂಪುರದಲ್ಲಿ ಇಳಿದೀತು.

> ಕೂಗುವ ನಿಯಮ
> ಭಾರತೀಯ ರೈಲ್ವೆಯ ಸಾಮಾನ್ಯ ನಿಯಮಾವಳಿಯ 3.83ನೇ ನಿಯಮ: ಗಾಡಿಗೆ ಸಂಬಂಧಿಸಿದ ಪ್ರತಿ ಸಿಗ್ನಲ್ಲನ್ನೂ ಕಣ್ಣಿಗೆ ಬಿದ್ದ ಕೂಡಲೇ ಲೋಕೋ ಪೈಲಟ್ ಮತ್ತು ಸಹಾಯಕ ಇಬ್ಬರೂ ಗುರುತಿಸಬೇಕು, ಅದರ ಸೂಚನೆಯನ್ನು ಪರಸ್ಪರ ಗಟ್ಟಿಯಾಗಿ ಹೇಳಬೇಕು.
> ಹಸಿರು: ಹೋಗು. ಎರಡು ಹಳದಿ: ಎಚ್ಚರ, ಮುಂದಿನ ಸಿಗ್ನಲ್ಲನ್ನು ವೇಗ ತಗ್ಗಿಸಿ ದಾಟಬೇಕಾದೀತು. ಒಂದು ಹಳದಿ: ಮುಂದಿನದರಲ್ಲಿ ನಿಲ್ಲಲು ಸಿದ್ಧನಾಗು. ಕೆಂಪು: ನಿಲ್ಲು.

ಆನೆ ಹೋಯಿತು, ಕೂಗು ಉಳಿಯಿತು

ಈಗ ನೋಡಿ. ಮೀಟರ್ ಗೇಜ್ ಹೋಯಿತು. ಹುಬ್ಬಳ್ಳಿ ದಾರಿ ಜೋಡಿ ಹಳಿಯಾಯಿತು, ತಲೆಯ ಮೇಲೆ ಕರೆಂಟಿನ ತಂತಿ ಬಂತು. ಕೈ ಎತ್ತಿ ಇಳಿಸುತ್ತಿದ್ದ ಹಳೇ ಕೈಮರದ ಜಾಗದಲ್ಲಿ ಕಣ್ಣು ಕೋರೈಸುವ ದೀಪ. ಎಂಜಿನ್ನಿನ ಎರಡೂ ತುದಿಗೆ ಕ್ಯಾಬು, ಎದುರಿಗೆ ಅಗಲ ಗಾಜು. 2023ರ ಜೂನ್‌ನಿಂದ ಧಾರವಾಡದ ವಂದೇ ಭಾರತ್ ಈ ಊರುಗಳ ಮೂಗಿನ ಕೆಳಗೇ ನಿಲ್ಲದೆ ಹಾಯುತ್ತದೆ. ಸಿಗ್ನಲ್ ಇಬ್ಬರಿಗೂ ಒಟ್ಟಿಗೇ, ಒಂದೇ ಥರ ಕಾಣುತ್ತದೆ.

ಕೂಗಿಗೆ ಇದ್ದ ಕಾರಣವೇ ಹೋಯಿತಲ್ಲ? ಕೂಗು ಯಾಕೆ ಹೋಗಲಿಲ್ಲ?

ದೊಡ್ಡಪ್ಪ ಕವಳ ಉಗಿದು ಬಂದು ಕೂತರು. "ನೀನು ನೋಡಿದೆ ಅಂತ ನಿಂಗೇ ಹೆಂಗೆ ಗೊತ್ತಾಗ್ತದೆ, ಹೇಳು?"

ಮೇಲ್ನೋಟಕ್ಕೆ ಉಡಾಫೆ ಅನಿಸಿತು. ಆಮೇಲೆ ಯೋಚಿಸಿದರೆ ಇಡೀ ವಿಷಯ ಅದರಲ್ಲೇ ಇದೆ.

ಗಂಟೆಗೆ 110 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 30 ಮೀಟರ್. ಸ್ಟೇಷನ್ನು ಬರುತ್ತಿದೆ ಎನ್ನುವ ಡಿಸ್ಟೆಂಟ್ ಸಿಗ್ನಲ್ಲಿನಿಂದ ಸ್ಟೇಷನ್ನಿನ ಬಾಗಿಲಲ್ಲಿರುವ ಹೋಮ್ ಸಿಗ್ನಲ್ಲಿಗೆ ಸುಮಾರು ಒಂದು ಕಿಲೋಮೀಟರ್. ಅರ್ಧ ನಿಮಿಷ ಮತ್ತು ಸ್ವಲ್ಪ ಚಿಲ್ಲರೆ. ಒಂದೊಂದು ಸ್ಟೇಷನ್ನಿಗೂ ಡಿಸ್ಟೆಂಟ್, ಹೋಮ್, ಸ್ಟಾರ್ಟರ್, ಅಡ್ವಾನ್ಸ್ ಸ್ಟಾರ್ಟರ್. ಬಾಣಾವರ, ದೇವನೂರು, ಕಡೂರು, ಬೀರೂರು, ಅಜ್ಜಂಪುರ... ದಿನವೂ ಅದೇ ದಾರಿ, ಅದೇ ಕಂಬ. ನೂರು ದಿನ ಹಸಿರು ಕಂಡ ಕಂಬದಲ್ಲಿ ನೂರಾ ಒಂದನೇ ದಿನ ಹಳದಿ ಇದ್ದರೆ ಕಣ್ಣಿಗೆ ಬೀಳುವುದು ಹಳದಿಯೇ. ಆದರೆ ಮನಸ್ಸು ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡಿರುತ್ತದೆ: ಹಸಿರು. ಅಂಗಡಿಗೆ ಹೋಗುವವನ ಬೈಕು ತಾನಾಗಿಯೇ ಆಫೀಸಿನ ದಾರಿ ಹಿಡಿಯುವುದಿಲ್ಲವೇ, ಹಾಗೆ.

ಬಾಯಿಬಿಟ್ಟು ಹೇಳಬೇಕಾದಾಗ ಈ ಓಟಕ್ಕೆ ಒಂದು ತಡೆ ಬೀಳುತ್ತದೆ. "ಡಿಸ್ಟೆಂಟ್" ಎಂದ ಮೇಲೆ ಮುಂದಿನ ಪದ ಬೇಕು. ಆ ಪದಕ್ಕಾಗಿ ಕಣ್ಣು ಮತ್ತೆ ದೀಪದ ಹತ್ತಿರ ಹೋಗಬೇಕು. ಹೇಳಿದ್ದು ತನ್ನ ಕಿವಿಗೇ ಬೀಳುತ್ತದೆ. ಕಣ್ಣು, ಬಾಯಿ, ಕಿವಿ ಮೂವರೂ ಸಾಕ್ಷಿ ಹೇಳಿದ ಮೇಲೆ ಕೈ ಹಿಡಿಕೆ ಮುಟ್ಟಬೇಕು. ಪಕ್ಕದವನು ಅದನ್ನೇ ತಿರುಗಿ ಹೇಳಿದರೆ ನಾಲ್ಕನೇ ಸಾಕ್ಷಿ.

ಎಂಜಿನ್ನಿನಲ್ಲಿ ಒಂದು ಯಂತ್ರವೂ ಕಾವಲಿಗಿದೆ. ಸುಮಾರು ಒಂದು ನಿಮಿಷ ಡ್ರೈವರು ಯಾವ ಹಿಡಿಕೆ, ಗುಂಡಿಯನ್ನೂ ಮುಟ್ಟದೆ ಕೂತರೆ ಮೊದಲು ದೀಪ ಮಿನುಗುತ್ತದೆ, ಆಮೇಲೆ ಬಜರ್ ಕಿರುಚುತ್ತದೆ, ಆಗಲೂ ಸುಮ್ಮನಿದ್ದರೆ ತಾನೇ ಬ್ರೇಕ್ ಹಾಕುತ್ತದೆ. ಒಳ್ಳೆಯದೇ. ಆದರೆ ಆ ಯಂತ್ರಕ್ಕೆ ಗೊತ್ತಾಗುವುದು ಮನುಷ್ಯ ಎದ್ದಿದ್ದಾನೆ ಎಂದಷ್ಟೇ. ಅವನು ಏನು ನೋಡಿದ, ನೋಡಿದ್ದನ್ನು ಏನೆಂದುಕೊಂಡ ಎಂಬುದು ಮಾತಿನಿಂದಲೇ ಹೊರಬರಬೇಕು.

ಜಪಾನಿನ ಹೋರಿ

ಈ ಕೂಗಿಗೆ ಬೆರಳನ್ನೂ ಸೇರಿಸಿ ಶಾಸ್ತ್ರ ಮಾಡಿದವರು ಜಪಾನಿನವರು. ಅಲ್ಲಿನ ರೈಲು ಡ್ರೈವರು ಕ್ಯಾಬಿನಲ್ಲಿ ಒಬ್ಬನೇ ಇರಲಿ, ಬಿಳಿ ಕೈಗವಸಿನ ಬೆರಳನ್ನು ಸಿಗ್ನಲ್ಲಿನತ್ತ ಚಾಚಿ ಅದರ ಬಣ್ಣ ಕೂಗುತ್ತಾನೆ. ನೋಡುವವರಿಗೆ ಯಾರೋ ಅದೃಶ್ಯ ಅಧಿಕಾರಿಗೆ ವರದಿ ಒಪ್ಪಿಸಿದ ಹಾಗೆ. ಪ್ಲಾಟ್‌ಫಾರ್ಮಿನ ಸಿಬ್ಬಂದಿಯೂ ಹಳಿಯುದ್ದಕ್ಕೂ ಬೆರಳು ಸವರಿ, ಯಾರೂ ಬಿದ್ದಿಲ್ಲ ಎಂದು ನೋಡಿ, ಗಟ್ಟಿಯಾಗಿ ಹೇಳಿಯೇ ಗಾಡಿ ಬಿಡುವುದು. ಇದರ ಹೆಸರು ಶಿಸಾ ಕಾಂಕೊ.

ಶುರುವಾದದ್ದರ ಹಿಂದೆ ಒಂದು ಕಥೆ ಹೇಳುತ್ತಾರೆ. ಕೋಬೆಯಲ್ಲಿ ಹೋರಿ ಯಾಸೊಯಿಚಿ ಎಂಬ ಸ್ಟೀಮ್ ಎಂಜಿನ್ ಡ್ರೈವರ್ ಇದ್ದ. (ಈ ಹೋರಿ ನಮ್ಮ ಅಜ್ಜಂಪುರದ ಅಮೃತಮಹಲ್ ಹೋರಿಯಲ್ಲ, ಮನೆತನದ ಹೆಸರು.) ಅವನಿಗೆ ದೃಷ್ಟಿ ಮಂದವಾಗುತ್ತ ಬಂತು. ಸಿಗ್ನಲ್ ಬಂದಾಗಲೆಲ್ಲ ಕೂಗಿ ಫೈರ್‌ಮನ್‌ನಿಂದ ಖಾತ್ರಿ ಮಾಡಿಕೊಳ್ಳತೊಡಗಿದ. ಕಣ್ಣಿನ ಐಬು ಮುಚ್ಚಲು ಹೂಡಿದ ಉಪಾಯ ಕಣ್ಣು ಸರಿ ಇದ್ದವರಿಗೂ ಬೇಕಾದದ್ದೇ ಎಂದು ಮೇಲಿನವರಿಗೆ ಹೊಳೆಯಿತು, 1913ರ ಹೊತ್ತಿಗೆ ಅದು ರೈಲ್ವೆ ಕೈಪಿಡಿ ಸೇರಿತು. ಕಥೆಯಲ್ಲಿ ಎಷ್ಟು ಸೇರಿಸಿದ್ದಾರೋ. ನನಗಂತೂ ಅದು ನಮ್ಮ ದೊಡ್ಡಪ್ಪನ ಆನೆಯ ಕಥೆಯ ಜೊತೆಗೇ ಹುಟ್ಟಿದ ಹಾಗೆ ಕಾಣುತ್ತದೆ: ಯಾರಿಗೋ ಏನೋ ಕಾಣಲಿಲ್ಲ, ಇನ್ನೊಬ್ಬರ ಕಣ್ಣು ಬೇಕಾಯಿತು.

> ಬೆರಳಿನ ಲೆಕ್ಕ
> ಜಪಾನಿನ ರೈಲ್ವೆ ತಾಂತ್ರಿಕ ಸಂಶೋಧನಾ ಸಂಸ್ಥೆ 1994ರಲ್ಲಿ ಒಂದು ಸರಳ ಕೆಲಸ ಕೊಟ್ಟು ತಪ್ಪುಗಳನ್ನು ಎಣಿಸಿತು. ಸುಮ್ಮನೆ ಮಾಡಿದಾಗ ನೂರಕ್ಕೆ 2.38 ತಪ್ಪು. ಬೆರಳು ತೋರಿಸಿ, ಬಾಯಲ್ಲೂ ಹೇಳಿ ಮಾಡಿದಾಗ 0.38. ಆರು ತಪ್ಪಾಗುವ ಕಡೆ ಒಂದು.

ಜಪಾನಿನವರೆಗೆ ಹೋಗಬೇಕಾಗಿಯೂ ಇರಲಿಲ್ಲ ಬಿಡಿ. ಅಜ್ಜಂಪುರದ ಸುತ್ತ ಸುಗ್ಗಿಯ ಕಣದಲ್ಲಿ ರಾಗಿ ಅಳೆಯುವುದನ್ನು ಕಂಡವರಿಗೆ ನೆನಪಿರಬಹುದು. ಅಳೆಯುವವನು ಮೊದಲ ಕೊಳಗಕ್ಕೆ "ಒಂದು" ಎನ್ನುವುದಿಲ್ಲ, "ಲಾಭ" ಎನ್ನುತ್ತಾನೆ. ಆಮೇಲೆ "ಎರಡೇ ಎರಡು, ಎರಡೇ ಎರಡು" ಎಂದು ರಾಗವಾಗಿ ಎಳೆಯುತ್ತ ಮುಂದಿನ ಕೊಳಗ ತುಂಬುತ್ತಾನೆ. ಅದು ಚೀಲಕ್ಕೆ ಬೀಳುವಾಗ ರಾಗ "ಮೂರೇ ಮೂರು" ಆಗುತ್ತದೆ. ನಡುವೆ ಯಾರಾದರೂ ಎಲೆ ಅಡಿಕೆ ಕೇಳಲಿ, ಮಗು ಅಳಲಿ, ಲೆಕ್ಕ ತಪ್ಪುವುದಿಲ್ಲ. ಅಂಕಿ ನಾಲಗೆಯ ಮೇಲೇ ಇರುತ್ತದೆ. ಎದುರಿಗೆ ಕೂತ ಸಾಲ ಕೊಟ್ಟವನಿಗೂ ಕೇಳುತ್ತದೆ, ಅದೂ ಮುಖ್ಯ.

ಮನಶ್ಶಾಸ್ತ್ರದವರು ಇದನ್ನೇ ಬೇರೆ ದಾರಿಯಿಂದ ಮುಟ್ಟಿದರು. ಕೇಳಿದ ನಾಲ್ಕಾರು ಅಂಕಿಯನ್ನು ನಾವು ತಲೆಯೊಳಗಿನ ದನಿಯಲ್ಲಿ ಸುತ್ತಿಸುತ್ತ ಹಿಡಿದಿಟ್ಟುಕೊಳ್ಳುತ್ತೇವೆ ಎಂದು ಬ್ರಿಟನ್ನಿನ ಬ್ಯಾಡ್ಲಿ ಮತ್ತು ಹಿಚ್ 1974ರಲ್ಲಿ ವಾದಿಸಿದರು. ಅಮೆರಿಕದ ಲುಪ್ಯಾನ್ ಮತ್ತು ಸ್ವಿಂಗ್ಲಿ ಎಂಬಿಬ್ಬರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೇಕಾದ ವಸ್ತುವಿನ ಹೆಸರನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಹುಡುಕಿದವರಿಗೆ ಚಿತ್ರಗಳ ರಾಶಿಯಲ್ಲಿ ಅದು ಬೇಗ ಸಿಕ್ಕಿತು. "ಬೀಗದ ಕೈ, ಬೀಗದ ಕೈ" ಎಂದು ಗೊಣಗುತ್ತ ಮನೆ ಸುತ್ತುವ ಅಜ್ಜಿಯರಿಗೆ ಇದರಲ್ಲಿ ಹೊಸತೇನೂ ಇಲ್ಲ.

ಪಕ್ಕದ ಸೀಟು ಖಾಲಿ

ಒಬ್ಬನೇ ಹಾರಿಸುವವನ ಕಥೆ ಇನ್ನೂ ಸ್ವಾರಸ್ಯದ್ದು.

ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವಿಮಾನ ತರಬೇತಿ ಶಾಲೆ ಇದೆ. ಎಲ್ಲ ತರಬೇತಿ ಶಾಲೆಗಳಲ್ಲೂ ಒಂದು ದಿನ ಬರುತ್ತದೆ: ಪಕ್ಕದಲ್ಲಿ ಕೂತು ಗದರುತ್ತಿದ್ದ ಗುರು ಬೆಲ್ಟು ಬಿಚ್ಚಿ ಕೆಳಗಿಳಿದು, "ಒಂದು ಸುತ್ತು ಹಾಕಿಕೊಂಡು ಬಾ" ಎನ್ನುತ್ತಾರೆ. ಮೊದಲ ಸೋಲೊ. ಗುರುವಿನ ತೂಕ ಇಳಿದದ್ದಕ್ಕೆ ಪುಟ್ಟ ವಿಮಾನ ಎಂದಿಗಿಂತ ಬೇಗ ನೆಲ ಬಿಡುತ್ತದೆ. ಕಲಿಯುವವನ ಬಾಯಿಂದ ಆಗ ಹೊರಡುವುದು ಗುರುವಿನದೇ ಮಾತು: "ವೇಗ ನೋಡು. ಮೂಗು ತಗ್ಗಿಸು. ಇಂಧನ ಸರಿ. ಬೆಲ್ಟ್ ಸರಿ." ದನಿ ತನ್ನದು, ಗದರಿಕೆ ಗುರುವಿನದು.

ಮಕ್ಕಳು ಹೀಗೇ ಕಲಿಯುತ್ತಾರೆ ಎಂದು ರಷ್ಯಾದ ಲೆವ್ ವೈಗಾಟ್‌ಸ್ಕಿ ಬರೆದು ತೊಂಬತ್ತು ವರ್ಷ ದಾಟಿತು. ಅಮ್ಮ "ಬಿಸಿ, ಮುಟ್ಟಬೇಡ" ಎನ್ನುತ್ತಾಳೆ. ಕೆಲವು ದಿನಕ್ಕೆ ಮಗು ಒಲೆಯ ಮುಂದೆ ನಿಂತು ತನಗೆ ತಾನೇ "ಬಿಸಿ, ಮುಟ್ಟಬೇಡ" ಎಂದುಕೊಳ್ಳುತ್ತದೆ. ಬೆಳೆಯುತ್ತ ಆ ಮಾತು ತುಟಿಯಿಂದ ಒಳಗಿಳಿದು ಯೋಚನೆಯಾಗುತ್ತದೆ. ಕಷ್ಟದ ಕೆಲಸ ಬಂದಾಗ ಮತ್ತೆ ತುಟಿಗೆ ಬರುತ್ತದೆ. ಇಪ್ಪತ್ತು ವರ್ಷದ ಹುಡುಗ ಸಾವಿರ ಅಡಿ ಮೇಲೆ ಮಗುವಾಗುವುದರಲ್ಲಿ ನಾಚಿಕೆಯೇನಿಲ್ಲ.

ನೆಲದ ಮೇಲೂ ಇದರ ತಾಲೀಮು ಉಂಟು. ಹಾಸ್ಟೆಲಿನ ಗೋಡೆಗೆ ಕಾಕ್‌ಪಿಟ್ಟಿನ ಚಿತ್ರ ಅಂಟಿಸಿ, ಎದುರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಇಲ್ಲದ ಹಿಡಿಕೆ ಎಳೆಯುತ್ತ, ಇಲ್ಲದ ದೀಪ ನೋಡುತ್ತ ಗಟ್ಟಿಯಾಗಿ ಹೇಳಿಕೊಳ್ಳುವುದು. ಬಾಗಿಲು ತೆರೆದು ನೋಡಿದವರು ಏನೆಂದುಕೊಂಡಾರೋ ಎಂಬ ಭಯ ಬಿಟ್ಟವನು ಬೇಗ ಕಲಿಯುತ್ತಾನೆ.

> ನೆಲ ಬಿಡುವಾಗಿನ ಮಾತು
> "ವೀ ವನ್": ಈ ವೇಗ ದಾಟಿದ ಮೇಲೆ ನಿಲ್ಲಿಸುವ ಮಾತಿಲ್ಲ. ಪೈಲಟ್ ಎಂಜಿನ್ನಿನ ಹಿಡಿಕೆಯಿಂದ ಕೈಯನ್ನೇ ತೆಗೆಯುತ್ತಾನೆ, ಆಸೆಗೂ ಎಳೆಯಬಾರದೆಂದು. "ರೊಟೇಟ್": ಮೂಗು ಎತ್ತು. "ಪಾಸಿಟಿವ್ ರೇಟ್": ನಿಜವಾಗಿಯೂ ಮೇಲೇರುತ್ತಿದ್ದೇವೆ. "ಗೇರ್ ಅಪ್": ಚಕ್ರ ಒಳಗೆ.
> ಒಬ್ಬರು ಹಾರಿಸುತ್ತಾರೆ, ಇನ್ನೊಬ್ಬರು ಕಾವಲು. ಹೇಳಿದ ಪ್ರತಿಯೊಂದಕ್ಕೂ ಮರುಮಾತು ಇರಲೇಬೇಕು.

ಒಂದು ಗಂಟೆ ನಲವತ್ತು ನಿಮಿಷ

ಮೇ 22 ಬಂತೆಂದರೆ ಕರಾವಳಿಯವರಿಗೆ ಬಜ್ಪೆ ವಿಮಾನ ನಿಲ್ದಾಣ ನೆನಪಾಗುತ್ತದೆ. 2010ರ ಆ ದಿನ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ವಿಮಾನ ಬೆಳಗಿನ ಆರರ ಹೊತ್ತಿಗೆ ಗುಡ್ಡದ ಮೇಲಿನ ರನ್‌ವೇಯಲ್ಲಿ ಇಳಿಯಿತು, ನಿಲ್ಲಲಿಲ್ಲ, ತುದಿ ದಾಟಿ ಕಣಿವೆಗೆ ಉರುಳಿ ಹೊತ್ತಿಕೊಂಡಿತು. ಒಳಗಿದ್ದ 166 ಜನರಲ್ಲಿ ಉಳಿದವರು 8 ಮಂದಿ.

ತನಿಖಾ ವರದಿಯಲ್ಲಿ ಎಲ್ಲಕ್ಕಿಂತ ಕಾಡುವುದು ಒಂದು ಮೌನ. ಕಾಕ್‌ಪಿಟ್ಟಿನ ಧ್ವನಿಮುದ್ರಿಕೆ ಎರಡು ಗಂಟೆ ಐದು ನಿಮಿಷದ್ದು. ಅದರ ಮೊದಲ ಒಂದು ಗಂಟೆ ನಲವತ್ತು ನಿಮಿಷ ಇಬ್ಬರು ಪೈಲಟ್‌ಗಳ ನಡುವೆ ಮಾತೇ ಇಲ್ಲ. ಕೇಳಿಸುವುದು ಆಳವಾದ ಉಸಿರು, ಗೊರಕೆ. ಹಿರಿಯ ಪೈಲಟ್ ಹಾರಾಟದಲ್ಲಿ ಬಹಳ ಹೊತ್ತು ನಿದ್ದೆಯಲ್ಲಿದ್ದರು. ಎದ್ದ ಮೇಲೂ ನಿದ್ದೆಯ ಮಂಪರು ತಲೆಯಿಂದ ಇಳಿದಿರಲಿಕ್ಕಿಲ್ಲ ಎಂದು ತನಿಖೆ ಕಂಡುಕೊಂಡಿತು. ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿ ರನ್‌ವೇ ಸಮೀಪಿಸಿತು. ಕಿರಿಯ ಪೈಲಟ್ "ಗೋ ಅರೌಂಡ್" ಎಂದರು. ಇಳಿಯುವುದು ಬೇಡ, ಮತ್ತೆ ಮೇಲೇರಿ ಸುತ್ತು ಹಾಕೋಣ ಎಂದು. ಒಂದಲ್ಲ, ಮೂರು ಸಲ. ವಿಮಾನದ ಯಂತ್ರವೂ ತನ್ನ ದನಿಯಲ್ಲಿ ಎಚ್ಚರಿಸುತ್ತಿತ್ತು. ಚಕ್ರ ನೆಲ ಮುಟ್ಟಿದಾಗ ರನ್‌ವೇಯ ಅರ್ಧಕ್ಕಿಂತ ಹೆಚ್ಚು ಹಿಂದಕ್ಕೆ ಹೋಗಿಯಾಗಿತ್ತು.

ಮಾತು ಬಂತು, ತಡವಾಗಿ ಬಂತು, ಬಂದದ್ದಕ್ಕೆ ಮರುಮಾತು ಸಿಗಲಿಲ್ಲ.

ಬೆಂಗಳೂರಿಗೂ ಇಂಥದೊಂದು ಗಾಯ ಇದೆ. 1990ರ ಫೆಬ್ರುವರಿ 14. ಇಂಡಿಯನ್ ಏರ್‌ಲೈನ್ಸ್‌ನ ಹೊಚ್ಚ ಹೊಸ ನಮೂನೆಯ ಎ-320 ವಿಮಾನ ಎಚ್‌ಎಎಲ್ ನಿಲ್ದಾಣ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. 146 ಜನರಲ್ಲಿ 92 ಸಾವು. ಎಂಜಿನ್ನುಗಳು ಶಕ್ತಿ ತಗ್ಗಿಸಿ ಇಳಿಯುವ ಸ್ಥಿತಿಯಲ್ಲೇ ಉಳಿದಿದ್ದವು, ವೇಗ ಕುಸಿಯುತ್ತಿತ್ತು. ನಾನೂರು ಅಡಿ, ಮುನ್ನೂರು, ಇನ್ನೂರು ಎಂದು ಯಂತ್ರದ ದನಿ ಕೂಗುತ್ತಲೇ ಇತ್ತು. ಹಿಡಿಕೆಯನ್ನು ಮುಂದೆ ತಳ್ಳುವಷ್ಟರಲ್ಲಿ ಹೊತ್ತು ಮೀರಿತ್ತು. ಈಗ ಅಂಥ ವಿಮಾನಗಳಲ್ಲಿ ಆಟೊಪೈಲಟ್ಟಿನ ಸ್ಥಿತಿ ಬದಲಾದಾಗಲೆಲ್ಲ ಪರದೆಯ ಮೇಲಿನ ಅಕ್ಷರಗಳನ್ನು ಪೈಲಟ್ ಗಟ್ಟಿಯಾಗಿ ಓದಬೇಕು. ಯಂತ್ರ ಏನು ಮಾಡುತ್ತಿದೆ ಎಂಬುದನ್ನು ಮನುಷ್ಯನ ಬಾಯಲ್ಲಿ ಹೇಳಿಸುವ ಏರ್ಪಾಡು.

ಹಾಲು ಉಕ್ಕಿತು

ಗಟ್ಟಿಯಾಗಿ ಹೇಳಿಬಿಟ್ಟರೆ ಸಾಕೇ?

1988ರ ಆಗಸ್ಟ್ 31ರಂದು ಅಮೆರಿಕದ ಡಲ್ಲಾಸ್‌ನಲ್ಲಿ ಡೆಲ್ಟಾ ಕಂಪನಿಯ ಬೋಯಿಂಗ್ 727 ನೆಲ ಬಿಟ್ಟ ಕೂಡಲೇ ಬಿತ್ತು. 108 ಜನರಲ್ಲಿ 14 ಮಂದಿ ಸತ್ತರು. ರೆಕ್ಕೆಯ ಫ್ಲ್ಯಾಪುಗಳನ್ನು ಇಳಿಸಿಯೇ ಇರಲಿಲ್ಲ. ಧ್ವನಿಮುದ್ರಿಕೆ ಕೇಳಿದರೆ ಪಟ್ಟಿ ಓದಿದ್ದಾರೆ, "ಫ್ಲ್ಯಾಪ್ಸ್" ಎಂದಾಗ "ಹದಿನೈದು, ಹದಿನೈದು, ಗ್ರೀನ್ ಲೈಟ್" ಎಂದು ಉತ್ತರವೂ ಬಂದಿದೆ. ದೀಪ ನೋಡದೆಯೇ ಹಸಿರು ಎಂದಿದ್ದರು. ಸಾವಿರ ಸಲ ಹೇಳಿದ ಮಾತು, ನಾಲಗೆ ತಾನೇ ಹೇಳಿತು. ಅದಕ್ಕೂ ಸ್ವಲ್ಪ ಮುಂಚೆ ಅದೇ ಕಾಕ್‌ಪಿಟ್ಟಿನಲ್ಲಿ ಊರ ಹರಟೆ ನಡೆದಿತ್ತು. ಹತ್ತು ಸಾವಿರ ಅಡಿಗಿಂತ ಕೆಳಗೆ ಕೆಲಸಕ್ಕೆ ಬಾರದ ಮಾತು ಕೂಡದು ಎಂಬ ನಿಯಮ ಅಮೆರಿಕದಲ್ಲಿ 1981ರಿಂದಲೇ ಇತ್ತು.

ಇದನ್ನು ಓದಿ ಹುಬ್ಬೇರಿಸುವ ಹಕ್ಕು ನನಗಿಲ್ಲ. ದೊಡ್ಡಪ್ಪನ ಪದ್ಧತಿ ಮೆಚ್ಚಿ ನಾನೂ ಮನೆಯಲ್ಲಿ ಶುರುಮಾಡಿದ್ದೆ. ಎರಡು ವಾರ ಚೆನ್ನಾಗಿ ನಡೆಯಿತು. ಮೂರನೇ ವಾರ ಒಂದು ಬೆಳಿಗ್ಗೆ ಫೋನ್ ನೋಡುತ್ತ, ಅಡುಗೆಮನೆಯ ಕಡೆ ಬೆರಳು ಮಾತ್ರ ಚಾಚಿ, "ಗ್ಯಾಸ್ ಬಂದ್" ಎಂದು ಘೋಷಿಸಿ ಪೇಪರ್ ತರಲು ಹೋದೆ. ಬರುವಷ್ಟರಲ್ಲಿ ಹಾಲು ಉಕ್ಕಿ ಒಲೆ, ಕಟ್ಟೆ, ನೆಲ ಎಲ್ಲ ಹರಿದಿತ್ತು. ಹೇಳಿದ್ದು ಬಾಯಿ, ನೋಡಬೇಕಾದ ಕಣ್ಣು ವಾಟ್ಸ್‌ಆ್ಯಪ್‌ನಲ್ಲಿತ್ತು. ಈ ಸಂಗತಿ ದೊಡ್ಡಪ್ಪನಿಗೆ ಇನ್ನೂ ತಿಳಿದಿಲ್ಲ, ಈ ಲೇಖನ ಅವರು ಓದುವವರೆಗೆ.

ಹಳಬರಿಗೆ ಈ ಅಪಾಯ ಗೊತ್ತಿತ್ತು. ರೈಲ್ವೆಯ ಪ್ರೈವೇಟ್ ನಂಬರ್ ಪದ್ಧತಿ ನೋಡಿ. ಅಜ್ಜಂಪುರದ ಕಡೆ ಒಂದು ಗೇಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ ಗುಮಟಿಯ ಕಿಟಕಿಯಿಂದ ಕೇಳಿದ ಮಾತಿದು. ಈರುಳ್ಳಿ ತುಂಬಿದ ಟ್ರ್ಯಾಕ್ಟರ್, ಎರಡು ಬೈಕು, ನಮ್ಮ ಕಾರು. ಗೇಟ್‌ಮನ್ ಗೇಟು ಹಾಕಿ, ಬೀಗ ಎಳೆದು ನೋಡಿ, ಫೋನ್ ತಿರುಗಿಸಿದ.

"ಗೇಟ್ ಹಾಕಿದೀನಿ ಸಾರ್. ಪ್ರೈವೇಟ್ ನಂಬರ್ ಆರು ಮೂರು, ಅರವತ್ಮೂರು."

ಆಚೆಯಿಂದ ಸ್ಟೇಷನ್ ಮಾಸ್ಟರು ಅದನ್ನೇ ಒಪ್ಪಿಸಿರಬೇಕು. "ಹೂಂ ಸಾರ್, ಆರು ಮೂರು" ಎಂದು ಪುಸ್ತಕದಲ್ಲಿ ಆ ಅಂಕಿಯ ಮೇಲೆ ಗೀಟು ಎಳೆದ.

ಪುಸ್ತಕದಲ್ಲಿ ಎರಡೆರಡು ಅಂಕಿಯ ಸಂಖ್ಯೆಗಳು ಕ್ರಮವಿಲ್ಲದೆ ಚೆಲ್ಲಿಕೊಂಡಿರುತ್ತವೆ. ಪ್ರತಿ ಗಾಡಿಗೂ ಮುಂದಿನ ಹೊಸ ಸಂಖ್ಯೆ. ನಾಳೆಯದು ಏನೆಂದು ಪುಸ್ತಕ ನೋಡದೆ ಯಾರಿಗೂ ಗೊತ್ತಿಲ್ಲ, ಹಾಗಾಗಿ ಬಾಯಿಪಾಠ ಮಾಡಲು ಬರುವುದಿಲ್ಲ. "ಗೇಟ್ ಹಾಕಿದೀನಿ" ಎಂದು ನಿದ್ದೆಗಣ್ಣಲ್ಲಿ ಹೇಳಬಹುದು, "ಆರು ಮೂರು" ಎಂದು ಹೇಳಲಾಗದು. ಯಾರ ತಲೆಯಲ್ಲಿ ಹೊಳೆಯಿತೋ, ಅವರಿಗೆ ಮನುಷ್ಯನ ನಾಲಗೆಯ ಸೋಮಾರಿತನ ಚೆನ್ನಾಗಿ ಗೊತ್ತಿತ್ತು.

ಒಂಟಿ ಹಳಿಯ ಕಾಲದ ಟೋಕನ್ನಿಗೂ ಇದೇ ತರ್ಕ. ಬೆತ್ತದ ಬಳೆ, ಅದಕ್ಕೊಂದು ಚರ್ಮದ ಚೀಲ, ಒಳಗೆ ಕಬ್ಬಿಣದ ಗುಂಡು. ಓಡುವ ಎಂಜಿನ್ನಿನಿಂದ ಫೈರ್‌ಮನ್ ಬಾಗಿ ಆ ಬಳೆಯನ್ನು ತೋಳಿಗೆ ಸಿಕ್ಕಿಸಿಕೊಳ್ಳುವುದನ್ನು ನೋಡಲು ಹುಡುಗರ ದಂಡೇ ನಿಲ್ಲುತ್ತಿತ್ತು. ನಮಗೆ ಬಳೆ ಮಾತ್ರ ಕಾಣುತ್ತಿತ್ತು. ಒಳಗೆ ದೊಡ್ಡಪ್ಪ ಗುಂಡು ತೆಗೆದು, ಅದರ ಮೇಲಿನ ಎರಡು ಊರಿನ ಹೆಸರು ಓದಿ ಹೇಳಬೇಕಿತ್ತಂತೆ. ಡ್ರೈವರು ಕೇಳಿ ತಲೆ ಆಡಿಸಿದ ಮೇಲೆಯೇ ಎಂಜಿನ್ನಿಗೆ ಪೂರಾ ಹಬೆ.

"ಒಂದ್ಸಲ ನಾನು ನೋಡ್ದೆ ಹೇಳ್ಬಿಟ್ಟೆ" ಎಂದರು ದೊಡ್ಡಪ್ಪ. "ಹೆಸ್ರು ಸರಿಯಾಗೇ ಇತ್ತು. ಆದ್ರೂ ಡ್ರೈವರಿಗೆ ಗೊತ್ತಾಗೋಯ್ತು."

"ಹೆಂಗೆ?"

"ಬೇಗ ಹೇಳಿದ್ನಂತೆ."

ಬೀರೂರು, ಎರಡನೇ ಪ್ಲಾಟ್‌ಫಾರ್ಮು

ದೊಡ್ಡಪ್ಪನ ಜೊತೆ ಮಾತಾಡಿದ ಮರುದಿನ ತರೀಕೆರೆಗೆ ಹೋಗುವುದಿತ್ತು. ಬೀರೂರಿನಲ್ಲಿ ಶಿವಮೊಗ್ಗದ ಗಾಡಿ ನಿಂತಿತ್ತು. ರಾತ್ರಿ ಮಳೆ ಬಿದ್ದು ಜಲ್ಲಿಕಲ್ಲೆಲ್ಲ ಕಪ್ಪಾಗಿತ್ತು. ತರೀಕೆರೆಯವರಿಗೆ ಈಗ ವಿಮಾನವೂ ದೂರವಿಲ್ಲ, 2023ರಿಂದ ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿ ನಿಲ್ದಾಣ ಇದೆ. ಅಲ್ಲಿ ಇಳಿಯುವ ಪ್ರತಿ ವಿಮಾನದಲ್ಲೂ ಯಾರೋ ಇಬ್ಬರು ಮೂರು ಹಸಿರು ದೀಪ ನೋಡಿ ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಿರುತ್ತಾರೆ.

ಎಂಜಿನ್ನಿನ ಪಕ್ಕಕ್ಕೆ ನಡೆದುಹೋದೆ. ಲೋಕೋ ಪೈಲಟ್ ಕಿಟಕಿಗೆ ಮೊಣಕೈ ಊರಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದರು. ನಲವತ್ತರ ಆಸುಪಾಸು. ನಮಸ್ಕಾರ ಮಾಡಿದೆ, ಅವರೂ ಲೋಟ ಹಿಡಿದ ಕೈಯಲ್ಲೇ ಮಾಡಿದರು.

"ಸಾರ್, ದಿನಾ ಇದೇ ಸಿಗ್ನಲ್ಲು. ಕೂಗಿ ಕೂಗಿ ಬೇಜಾರಾಗಲ್ವಾ?"

ಅವರು ನಕ್ಕರು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವರ ಕಣ್ಣು ನನ್ನನ್ನು ದಾಟಿ ಮುಂದಕ್ಕೆ ಹೋಯಿತು. ಲೋಟ ಕೆಳಗಿಟ್ಟರು. ತೋರುಬೆರಳು ನೆಟ್ಟಗಾಯಿತು.

"ಸ್ಟಾರ್ಟರ್..." ಎಂದು ಒಂದು ಉಸಿರು ನಿಂತು, ನೋಡಿ, "ಗ್ರೀನ್."

ಆ ಕಡೆಯ ಸೀಟಿನಿಂದ ಒಂದು ಹೆಣ್ಣು ದನಿ: "ಸ್ಟಾರ್ಟರ್ ಗ್ರೀನ್."

ನಾನು ನನ್ನ ಬೋಗಿಗೆ ಓಡಿದೆ.